ಬೇಳೆಯಾದ ತಂಗಿ

ಇವತ್ತು ಬಾಯಿ ಬಿಡಬಾರದು ಎಂದು ಬಂಡೆಮ್ಮ ಕಲಬುರಗಿಯಲ್ಲಿ ಬಸ್ಸು ಹತ್ತುವ ಮೊದಲೇ ನಿಶ್ಚಯ ಮಾಡಿಕೊಂಡಿದ್ದಳು. ಬಾಯಿ ಮುಚ್ಚಿಕೊಂಡು ಕೂತರೆ ಕೈ ಸುಮ್ಮನಿರಲಿಲ್ಲ. ತೊಡೆಯ ಮೇಲಿದ್ದ ಬುತ್ತಿಯ ಗಂಟನ್ನು ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ ಎಳೆದುಕೊಂಡಳು, ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ಎತ್ತಿ ಮೂಗಿನ ಹತ್ತಿರ ಒಯ್ದು ಎಣ್ಣೆಗಾಯಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ವಾಸನೆಯಿಂದ ತಿಳಿಯಲು ನೋಡಿದಳು. ಕಂಡಕ್ಟರ್ ಬಂದು ಆಧಾರ್ ಕಾರ್ಡ್ ನೋಡಿ ಹೆಂಗಸರಿಗೆ ಕೊಡುವ ಎರಡು ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ. ಬೇರೆ ದಿನವಾಗಿದ್ದರೆ ಅವನನ್ನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಎಲ್ಲಿಯವನು, ಮಕ್ಕಳೆಷ್ಟು ಎಂದು ಕೇಳಿ, ಅವನು ಹೇಳುವ ಮೊದಲೇ ತನ್ನ ಇಬ್ಬರು ಹೆಣ್ಣುಮಕ್ಕಳ ಸುದ್ದಿ ತೆಗೆದು, ಹಿಂದಿನ ಸೀಟಿನವರೂ ನಗುವ ಹಾಗೆ ಮಾಡಿರುತ್ತಿದ್ದಳು. ಕಿಟಕಿಯ ಪಕ್ಕ ಚಿಕ್ಕ ಮಗಳು ಗೌತಮಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ದೊಡ್ಡವಳು ವಿಜಯಶ್ರೀ ಕಮಲಾಪುರದಲ್ಲಿದ್ದಾಳೆ, ಏಳು ತಿಂಗಳ ಬಸುರಿ. ಇವತ್ತು ಅವಳ ಕುಬಸ. ಹಸಿರು ಸೀರೆ, ಹಸಿರು ಬಳೆ, ಐದು ತರದ ಬುತ್ತಿ ಒಯ್ದು, ಉಡಿ ತುಂಬಿ, ಮಗಳನ್ನು ಬಾಣಂತನಕ್ಕೆ ತವರಿಗೆ ಕರೆತರಬೇಕು. ಎಲ್ಲ ತಾಯಂದಿರೂ ಹಾಗೆಯೇ ಕರೆತರುತ್ತಾರೆ. ಬಂಡೆಮ್ಮನ ಮಗಳು ಮಾತ್ರ ಬರುವುದಿಲ್ಲ ಎಂದಿದ್ದಳು.

ಹೋದ ವಾರ ಫೋನಿನಲ್ಲಿ ಹೇಳಿದ್ದಳು. ಬಂಡೆಮ್ಮ ಆಗ ರೊಟ್ಟಿ ಕೇಂದ್ರದಲ್ಲಿ ಒಲೆಯ ಮುಂದಿದ್ದಳು, ಒಂದು ಕೈಯಲ್ಲಿ ಹಿಟ್ಟು, ಒಂದು ಕೈಯಲ್ಲಿ ಫೋನು. "ಕುಬಸಕ್ಕ ಬಾ ಯವ್ವಾ, ಬುತ್ತಿ ತಗೊಂಡ ಬಾ. ಖರೆ ನನ್ನ ಕರ್ಕೊಂಡ ಹೋಗ್ತೀನಿ ಅಂತ ಮಂದಿ ಮುಂದ ಅನಬ್ಯಾಡ. ನಾ ಬರಂಗಿಲ್ಲ." ಯಾಕೆ ಎಂದು ಬಂಡೆಮ್ಮ ಕೇಳಿದಳು. ಅತ್ತೆ ಒಪ್ಪುವುದಿಲ್ಲವೇನೋ, ಅಳಿಯ ಸುಧಾಕರ ಬೇಡ ಅಂದನೇನೋ, ಮನೆ ಸಣ್ಣದೆಂದೋ, ಎಂದು ಇವಳೇ ಒಂದೊಂದು ಕಾರಣ ಎತ್ತಿಕೊಟ್ಟಳು. "ಅವರೆಲ್ಲ ಹೋಗು ಅನ್ನಾಕತ್ತಾರ. ದವಾಖಾನಿ ನಿಮ್ಮಲ್ಲೇ ಸೇಡಂ ರಸ್ತಾದಾಗೈತಿ, ಅಲ್ಲೇ ಇದ್ರ ಹೋಗಿ ಬರಾಕ ಸಸಾರ ಅಂತಾರ. ನನಗ ಬ್ಯಾಡಾಗೇತಿ. ನಾ ಹಡಿಯೋ ಹೊತ್ತಿಗೆ ಏನ ಒದರ್ತೀನೋ, ಹೆಂಗ ಅಳ್ತೀನೋ, ಅದನ್ನೆಲ್ಲಾ ನೀ ನಾಳಿಂದ ಓಣಿ ತುಂಬ ಹೇಳಕೋತ ತಿರಗತಿ. ನನ್ನ ಕಥಿ ಹೇಳಿದ್ದು ಸಾಕು. ನನ್ನ ಕೂಸನ್ನ ನಿನ್ನ ನಗಿ ಮಾತಿಗೆ ಕೊಡಂಗಿಲ್ಲ." ಇಷ್ಟು ಹೇಳಿ, ಊಟ ಆಯ್ತೇನು ಎಂದು ಕೇಳಿ, ಫೋನು ಇಟ್ಟಿದ್ದಳು. ಊಟ ಆಯ್ತೇನು ಎಂದು ಕೇಳಿದ್ದೇ ಬಂಡೆಮ್ಮನಿಗೆ ಹೆಚ್ಚು ನಾಟಿತು. ಸಿಟ್ಟಿನಲ್ಲಿ ಹೇಳಿದ್ದರೆ ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎನ್ನಬಹುದಿತ್ತು. ಇದು ಬಹಳ ದಿನ ಯೋಚಿಸಿ ಹೇಳಿದ ಮಾತು.

ಅದಾದ ಮೇಲೆ ತಾನು ಮಾಡಿದ್ದನ್ನು ನೆನೆದರೆ ಅವಳಿಗೆ ಈಗಲೂ ಬಸ್ಸಿನಿಂದ ಇಳಿದು ಎತ್ತಲಾದರೂ ನಡೆದುಬಿಡಬೇಕು ಅನಿಸುತ್ತದೆ. ಫೋನು ಇಟ್ಟು ಇನ್ನೂ ಹೆಂಚಿನ ಮೇಲಿನ ರೊಟ್ಟಿ ಮಗುಚಿರಲಿಲ್ಲ, ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸರಿಗೆ ತಿರುಗಿ ಹೇಳಿಬಿಟ್ಟಿದ್ದಳು. ಬರೀ ಹೇಳಲಿಲ್ಲ, ವಿಜಯಾಳ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿ, ತುಟಿ ಬಿಗಿದು, "ನಗಿ ಮಾತಿಗೆ ಕೊಡಂಗಿಲ್ಲ" ಎಂದು ತೋರಿಸಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ನಗುತ್ತ ರೊಟ್ಟಿ ಹರಿದುಕೊಂಡಳು. ಬಂಡೆಮ್ಮನೂ ನಕ್ಕಳು, ನಗುತ್ತಿರುವಾಗಲೇ ತಾನು ಮಾಡಿದ್ದು ಹೊಳೆಯಿತು. ಅಯ್ಯೋ, ಇದನ್ನೇ ಅಲ್ಲವೇ ಅವಳು ಬೇಡ ಅಂದದ್ದು! ಅಂದು ಸಂಜೆ ನೀರಿನ ನಲ್ಲಿಯ ಹತ್ತಿರ ಯಾರೋ ನೆರೆಯವಳು, "ಏನ ಬಂಡೆವ್ವಾ, ಮಗಳು ಕೊಡಂಗಿಲ್ಲ ಅಂದಳಂತ?" ಎಂದು ಕಣ್ಣು ಹೊಡೆದಾಗ ಕೊಡ ಅರ್ಧ ತುಂಬಿರುವಾಗಲೇ ಎತ್ತಿಕೊಂಡು ಬಂದಿದ್ದಳು. ಗಂಡ ಮಾಪಣ್ಣನಿಗೆ ಹೇಳಿದರೆ ಅವನು ಬೀಡಿ ಆರಿಸಿ, "ಆಕಿ ಖರೇನ ಅಂದಾಳಲ್ಲ" ಎಂದ. ಅವನು ದಿನಕ್ಕೆ ಒಂದೆರಡೇ ಮಾತಾಡುವವನು. ಆಡಿದ್ದರಲ್ಲಿ ಒಂದು ಹೀಗಿರಬೇಕೆ?

ಬಸ್ಸು ಕಪನೂರ ದಾಟುತ್ತಿತ್ತು. ಮಾಪಣ್ಣ ಇಲ್ಲಿಯೇ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಕಾಣುತ್ತಾನೇನೋ ಎಂದು ಬಗ್ಗಿ ನೋಡಿದಳು, ತಗಡಿನ ಬಾಗಿಲುಗಳೂ ಬಿಳಿ ಕಿಡಿಗಳೂ ಕಂಡವು, ಅವನು ಕಾಣಲಿಲ್ಲ. ಯಾವ ಕಥೆ ವಿಜಯಾಳಿಗೆ ನೋವು ಮಾಡಿತು? ಅದೊಂದು ತಿಳಿದರೆ ಅದನ್ನು ಬಿಟ್ಟು ಉಳಿದದ್ದು ಹೇಳಬಹುದಲ್ಲ ಎಂದು ಅವಳ ಮನಸ್ಸು ಆಸೆಬುರುಕತನದಿಂದ ಹುಡುಕಿತು. ಅಂಬೇಡ್ಕರ್ ಜಯಂತಿಯ ದಿನದ್ದಿರಬಹುದೆ? ವಿಜಯಾ ಆಗ ಶಾಲೆಯಲ್ಲಿ ಮೂರನೇ ಇಯತ್ತೆ. ಬಾಬಾಸಾಹೇಬರ ಮೇಲೆ ಭಾಷಣ ಎಂದು ತಿಂಗಳಿಡೀ ಬಾಯಿಪಾಠ ಮಾಡಿದ್ದಳು, ನಿದ್ದೆಯಲ್ಲೂ ಒಪ್ಪಿಸುತ್ತಿದ್ದಳು. ನೀಲಿ ಫ್ರಾಕು, ನೀಲಿ ರಿಬ್ಬನ್ನು. ಮೈಕಿನ ಮುಂದೆ ನಿಂತು "ಜೈ ಭೀಮ್" ಎಂದಳು. ಜನ ಜೈ ಭೀಮ್ ಅಂದರು. ಮುಂದಿನದು ಬರಲಿಲ್ಲ. ಮತ್ತೆ "ಜೈ ಭೀಮ್" ಎಂದಳು, ಜನ ಮತ್ತೆ ಅಂದರು. ಇನ್ನೊಮ್ಮೆ ಅಂದಾಗ ಜನ ಹುರುಪಿನಿಂದ ಕೈ ಎತ್ತಿ ಕೂಗಿದರು. ಆಮೇಲೆ ಅವಳು ಮೈಕಿಗೆ ಬಾಯಿ ಹಚ್ಚಿ, ಇಡೀ ಮೈದಾನ ಕೇಳುವ ಹಾಗೆ, "ಯವ್ವಾ, ನನಗ ಉಚ್ಚಿ ಬಂದೈತಿ" ಎಂದಳು. ಜನ ಅದಕ್ಕೂ ಜೈ ಅಂದರು! ಇದನ್ನು ಬಂಡೆಮ್ಮ ಎಲ್ಲಿ ಹೇಳಿಲ್ಲ? ಹೆಣ್ಣು ನೋಡಲು ಬಂದ ಸುಧಾಕರನ ಮುಂದೆಯೂ ಹೇಳಿದ್ದಳು. ಅವನು ಚಹಾ ನೆತ್ತಿಗೇರಿ ಕೆಮ್ಮಿದ್ದ, ಆ ಕೆಮ್ಮಿನಲ್ಲಿಯೇ ಸಂಬಂಧ ಗಟ್ಟಿಯಾಯಿತು ಎಂದು ಇವಳ ನಂಬಿಕೆ. ಒಳಗಿನ ಕೋಣೆಯಲ್ಲಿ ಸೀರೆ ಉಟ್ಟು ಕೂತಿದ್ದ ವಿಜಯಾ ಆಗ ಏನು ಮಾಡುತ್ತಿದ್ದಳು? ಗೊತ್ತಿಲ್ಲ. ಬಂಡೆಮ್ಮ ಅತ್ತ ನೋಡಿರಲಿಲ್ಲ.

ಅಥವಾ ವಿಜಯಾ ದೊಡ್ಡವಳಾದ ದಿನದ್ದು. ನಂದೂರಿನ ದಾಲ್ ಮಿಲ್ಲಿನಲ್ಲಿ ಬಂಡೆಮ್ಮ ತೊಗರಿ ಹಸನು ಮಾಡುವ ಕೆಲಸಕ್ಕಿದ್ದ ಕಾಲ. ಯಂತ್ರಗಳ ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲ, ಅಲ್ಲಿ ಕೆಲಸ ಮಾಡಿದ ಹೆಂಗಸರೆಲ್ಲ ಹೊರಗೆ ಬಂದ ಮೇಲೂ ಕೂಗಿಯೇ ಮಾತಾಡುತ್ತಿದ್ದರು. ಬಂಡೆಮ್ಮನಿಗೆ ಪಿಸುಮಾತು ಎನ್ನುವುದು ಬರುವುದೇ ಇಲ್ಲ. ಗೇಟಿನ ಹತ್ತಿರ ಗೆಳತಿ ಆಯೇಶಾಳ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು, ಮಗಳು ದೊಡ್ಡಾಕಿ ಆದಳು ಎಂದು. ಲಾರಿಯ ಮೇಲೆ ನಿಂತು ಚೀಲ ಎಣಿಸುತ್ತಿದ್ದ ಝಹೀರ್ ಅಲ್ಲಿಂದಲೇ "ಮುಬಾರಕ್ ಹೋ" ಅಂದ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ವಿಜಯಾ. ಇದನ್ನೂ ಬಂಡೆಮ್ಮ ನಗಿಸಲಿಕ್ಕೆಂದೇ ಹೇಳುತ್ತಿದ್ದಳು. ಇಡೀ ದಿನ ಧೂಳು ಕುಡಿದು, ಬಾಯಿ ಕಟ್ಟಿಕೊಂಡು ಕೂತು, ಹೊರಗೆ ಬಂದ ಮೇಲೆ ಮನೆ ಮುಟ್ಟುವ ತನಕ ನಡೆಯುವ ಅಷ್ಟು ದೂರ ಹೆಂಗಸರಿಗೆ ನಗಲು ಏನಾದರೂ ಬೇಕಿತ್ತು. ಒಬ್ಬಳಿಗೆ ಕುಡುಕ ಗಂಡ ಇದ್ದ, ಅವನ ನಕಲು ಮಾಡುತ್ತಿದ್ದಳು. ಮಾಪಣ್ಣ ನಕಲಿಗೆ ಒದಗುವವನಲ್ಲ. ನನ್ನ ಹತ್ತಿರ ಇದ್ದದ್ದು ಈ ಇಬ್ಬರು ಹುಡುಗಿಯರು, ಅವರನ್ನೇ ಒಯ್ದು ಎಲ್ಲರಿಗೂ ಹಂಚಿದೆ. ಅದರಲ್ಲಿ ಏನು ತಪ್ಪು ಎಂದು ಒಂದು ಕ್ಷಣ ಅವಳಿಗೆ ಸಿಟ್ಟೇ ಬಂತು. ಗೌತಮಿಯ ಕಿವಿಯಿಂದ ಇಯರ್‌ಫೋನ್ ಕಿತ್ತು ಕೇಳಿದಳು.

"ಏ ಗೌತಮಿ. ನಾ ಸಣ್ಣಂದಿನ ಮಾತ ಹೇಳಿದ್ರ ನಿನಗ ಸಿಟ್ಟ ಬರ್ತೈತೇನ?"

"ನನಗ್ಯಾಕ ಬರ್ತೈತಿ?" ಗೌತಮಿ ಆಕಳಿಸಿದಳು. "ನನ್ನ ಕಥ್ಯಾಗ ಯಾವಾಗಲೂ ನಾ ಮಲಗಿರ್ತೀನಿ. ಮಲಗಿದಾಕಿಗೆ ಏನ ನಾಚ್ಕಿ? ಎಚ್ಚರ ಇರಾಕಿ ಅಕ್ಕ."

ಅಷ್ಟು ಹೇಳಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. ಮಹಾಗಾಂವ ಕ್ರಾಸಿನಲ್ಲಿ ಜನ ಇಳಿದರು, ಹತ್ತಿದರು. ಬಂಡೆಮ್ಮನ ಬೆರಳುಗಳು ಡಬ್ಬಿಯ ಮೇಲೆ ರೊಟ್ಟಿ ಬಡಿಯತೊಡಗಿದವು. ಎಚ್ಚರ ಇರಾಕಿ ಅಕ್ಕ. ಹಾಗಾದರೆ ಅದೇ ಕಥೆ, ಬೇಳೆಯ ಕಥೆ. ಅದು ಅವಳ ಎಲ್ಲ ಕಥೆಗಳಲ್ಲಿ ಪಟ್ಟದ ಕಥೆ. ಎಷ್ಟು ಸಲ ಹೇಳಿದ್ದಾಳೆಂದರೆ ಈಗ ಅದರಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ಅಗಲಿಸಬೇಕು ಎಂಬುದು ಮೈಗೆ ಬಂದುಬಿಟ್ಟಿದೆ. ಗೌತಮಿ ಆಗಷ್ಟೇ ಹೆಜ್ಜೆ ಇಡುತ್ತಿದ್ದಳು. ಮಿಲ್ಲಿಗೆ ಇಬ್ಬರನ್ನೂ ಕರೆದೊಯ್ದು, ತಂಗಿಯನ್ನು ನೋಡಿಕೋ ಎಂದು ಆರು ವರ್ಷದ ವಿಜಯಾಳನ್ನು ಚೀಲಗಳ ಹತ್ತಿರ ಕೂಡಿಸುತ್ತಿದ್ದಳು. ಒಂದು ದಿನ ನೋಡಿದರೆ ಗೌತಮಿ ಇಲ್ಲ. ಎಲ್ಲರೂ ಹುಡುಕುತ್ತಿದ್ದಾರೆ, ಇತ್ತ ವಿಜಯಾ ಗೇಟಿಗೆ ಓಡಿ, ಲಾರಿಯವರ ಮುಂದೆ ಎದೆ ಬಡಿದುಕೊಂಡು, "ನನ್ನ ತಂಗೀನ ಬ್ಯಾಳಿ ಮಾಡ್ಯಾರ್ರೀ! ಒಡದ ಬ್ಯಾಳಿ ಮಾಡ್ಯಾರ್ರೀ!" ಎಂದು ಬೊಬ್ಬೆ. ಅಷ್ಟರಲ್ಲಿ ಗೌತಮಿ ಹೊಟ್ಟಿನ ಚೀಲಗಳ ಸಂದಿಯಲ್ಲಿ ಗೊರಕೆ ಹೊಡೆಯುತ್ತ ಸಿಕ್ಕಳು. ಆಮೇಲೆ ಎಷ್ಟೋ ತಿಂಗಳು ವಿಜಯಾ ಬೇಳೆ ಮುಟ್ಟಲಿಲ್ಲ. ಕಲಬುರಗಿಯಲ್ಲಿ ಹುಟ್ಟಿ ತೊಗರಿಬೇಳೆ ಒಲ್ಲೆ ಎನ್ನುವ ಹುಡುಗಿ! ಗಂಗಾಳದಲ್ಲಿ ಬೇಳೆ ಹಾಕಿದರೆ ಬೆರಳಿನಿಂದ ಕೆದಕಿ ಕೆದಕಿ ನೋಡುವಳು. ಏನ ಹುಡಕಾಕತ್ತಿ ಎಂದರೆ, "ಗೌತಮಿ ಬೆರಳ." ಇಲ್ಲಿಗೆ ಕೇಳುವವರು ಕಣ್ಣೀರು ಬರುವ ತನಕ ನಗುತ್ತಾರೆ. ಗೌತಮಿ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳಲ್ಲ, ಎಲ್ಲ ಬೆರಳೂ ಇದ್ದವಲ್ಲ! ಬಂಡೆಮ್ಮನಿಗೆ ಈಗಲೂ ನಗು ಒತ್ತಿ ಬಂತು. ಕೂಡಲೇ ಬುತ್ತಿಯಲ್ಲಿ ಏನಿದೆ ಎಂಬುದು ನೆನಪಾಯಿತು. ತೊಗರಿಬೇಳೆಯ ಹೋಳಿಗೆ. ವಿಜಯಾ ಈಗ ಬೇಳೆ ತಿನ್ನುತ್ತಾಳೆ, ಎಲ್ಲರ ಹಾಗೆ ತಿನ್ನುತ್ತಾಳೆ. ಆದರೂ ಇವತ್ತು ಬೇಡವಾಗಿತ್ತು. ಬೇಕೆಂದೇ ಕೆಣಕಲು ತಂದೆ ಅಂದುಕೊಂಡರೆ? ಶೇಂಗಾ ಹೋಳಿಗೆಯೂ ಇತ್ತು. ಬೇಳೆಯದನ್ನು ಕೆಳಗೆ ಹಾಕಿ ಶೇಂಗಾದ್ದನ್ನು ಮೇಲೆ ಇಟ್ಟಳು. ಬಸ್ಸಿನ ಕುಲುಕಿಗೆ ಒಂದು ಬೇಳೆ ಹೋಳಿಗೆ ಹರಿಯಿತು.

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಸಾಲಾಗಿ ತೂಗುಹಾಕಿದ್ದರು. ಬಸುರಿಗೆ ಒಯ್ಯಬೇಕೆಂದು ಬಂಡೆಮ್ಮ ನಿಂತಳು. ಅಂಗಡಿಯವನು, "ಮಗಳ ಮನಿಗೇನ್ರೀ?" ಎಂದು ಕೇಳಿದ. ಹೂಂ ಎಂದಳು, ಅಷ್ಟೇ. ಗೌತಮಿ ಅವ್ವನ ಮುಖವನ್ನು ತಿರುಗಿ ನೋಡಿ, "ಮೈಯಾಗ ಹುಷಾರ ಐತಿಲ್ಲೋ?" ಎಂದಳು.

ಸುಧಾಕರನ ಮನೆ ಬಸ್‌ಸ್ಟ್ಯಾಂಡಿಗೆ ದೂರವಿರಲಿಲ್ಲ. ಅವನು ಗಂಡಸರ ಜೊತೆ ಹೊರಗೆ ಪೆಂಡಾಲಿನ ಕೆಳಗೆ ಕುರ್ಚಿ ಹಾಕಿಸುತ್ತಿದ್ದ; ಬಂಡೆಮ್ಮನ ಕೈಯಿಂದ ಗಂಟು ಇಸಿದುಕೊಂಡ. ಪಡಸಾಲೆಯ ತುಂಬ ಹೆಂಗಸರು. ಗೋಡೆಗೆ ಬುದ್ಧರ, ಬಾಬಾಸಾಹೇಬರ ಫೋಟೋ, ಮುಂದೆ ಮೇಣದಬತ್ತಿ, ನಡುವೆ ಮಣೆಯ ಮೇಲೆ ವಿಜಯಶ್ರೀ. ಅವಳ ಮುಖ ದುಂಡಗಾಗಿತ್ತು, ಮೂಗು ಸ್ವಲ್ಪ ಊದಿತ್ತು. ಅವಳು ಅವ್ವನನ್ನು ನೋಡಿ ನಕ್ಕಳು. ಆ ನಗು ಎಂಥದ್ದು ಎಂದು ಬಂಡೆಮ್ಮ ಬಗ್ಗಿ ಮಗಳ ಕಾಲುಂಗುರ ಸರಿಮಾಡುವ ನೆಪದಲ್ಲಿ ಹತ್ತಿರ ಹೋಗಿ ನೋಡಿದಳು, ತಿಳಿಯಲಿಲ್ಲ. ತ್ರಿಶರಣ, ಪಂಚಶೀಲ ಹೇಳಿದರು. ಬೀಗತಿ, ಎಂದರೆ ವಿಜಯಾಳ ಅತ್ತೆ, ಹೊಸ ಪದ್ಧತಿಯವಳು, ಆರತಿ ಗೀರತಿ ಏನೂ ಬೇಡ ಎಂದು ಎಲ್ಲರಿಗೂ ಹೇಳಿದ್ದಳು. ಹೇಳಿದವಳೇ ಯಾರೂ ನೋಡದ ಹೊತ್ತಿನಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಿತ್ತಲಿಗೆ ಹೋಗಿ ಬಂದಳು. ಬಂಡೆಮ್ಮ ಅದನ್ನು ಕಂಡಳು. ಎಷ್ಟು ಒಳ್ಳೆಯ ಕಥೆ! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು. ಮಗಳಿಗೆ ಸೀರೆ ಹೊದಿಸಿ, ಬಳೆ ಇಡಿಸಿ, ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕೆಂಪು ಬಾಳೆಹಣ್ಣು ಹಾಕಿದಳು. ಉಡಿ ತುಂಬುವಾಗ ಹೊಟ್ಟೆ ಅವಳ ಮಣಿಕಟ್ಟಿಗೆ ತಗುಲಿತು. ಒಳಗೆ ಕೂಸಿನ ಒಂದು ಹೊರಳಾಟ. ಬಂಡೆಮ್ಮ ಬಾಯಿ ತೆರೆದಳು, ವಿಜಯಾ ನೋಡಿದಳು, ಬಂಡೆಮ್ಮ ಬಾಯಿ ಮುಚ್ಚಿದಳು.

ಬುತ್ತಿ ಬಿಚ್ಚಿ ತಟ್ಟೆಗೆ ಬಡಿಸುವಾಗ ಬೀಗತಿಯೇ ಶುರು ಮಾಡಿದಳು. "ಯಾಕ್ರೀ ಅಕ್ಕಾ, ಬಂದಾಗಿಂದ ಮಾತೇ ಇಲ್ಲ? ನಮ್ಮ ಓಣಿಯವರೆಲ್ಲ ನಿಮ್ಮ ಮಾತ ಕೇಳಾಕಂತಲೇ ಬಂದಾರ. ಆ ಬ್ಯಾಳಿ ಕಥಿ ಹೇಳ್ರಿ. ಇವರು ಕೇಳಿಲ್ಲ."

"ಹೇಳ್ರಿ, ಹೇಳ್ರಿ" ಎಂದು ಹೆಂಗಸರು ಹತ್ತಿರ ಸರಿದರು. ಮಕ್ಕಳನ್ನು ತೊಡೆಗೆ ಎಳೆದುಕೊಂಡರು. ಇಷ್ಟು ಒಳ್ಳೆಯ ಕೇಳುಗರು ಬಂಡೆಮ್ಮನಿಗೆ ರೊಟ್ಟಿ ಕೇಂದ್ರದಲ್ಲೂ ಸಿಕ್ಕಿರಲಿಲ್ಲ. ಅವಳ ಕೈ ತಾನಾಗಿ ಮೇಲೆದ್ದಿತು, ಗೌತಮಿ ಇಷ್ಟೇ ಇದ್ದಳು ಎಂದು ಅಳತೆ ತೋರಿಸುವ ಕೈ. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು.

"ಎಲ್ಲೀದ್ರೀ," ಎಂದಳು. "ನನಗ ನೆನಪೇ ಇಲ್ಲ ಈಗ."

ಹತ್ತಿರ ಸರಿದಿದ್ದ ಹೆಂಗಸರು ಹಿಂದೆ ಸರಿದು ತಟ್ಟೆ ಎಳೆದುಕೊಂಡರು. ಬೀಗತಿಯ ಮುಖ ಸಪ್ಪಗಾಯಿತು. ಮಗಳು ತವರಿಗೆ ಬರುವುದಿಲ್ಲ ಎಂದದ್ದಕ್ಕೆ ತಾಯಿ ಮುನಿಸಿಕೊಂಡಿದ್ದಾಳೆ ಎಂದು ಅವಳು ತಿಳಿದಳೆಂಬುದು ಬಂಡೆಮ್ಮನಿಗೆ ಗೊತ್ತಾಯಿತು. ಅಲ್ಲ ಎಂದು ಹೇಳಲೂ ಬರುವಂತಿರಲಿಲ್ಲ. ಮಾತಾಡಿದರೆ ಮಗಳು ಹೋದಳು, ಸುಮ್ಮನಿದ್ದರೆ ಬೀಗರು ಹೋದರು. ಆಗ ಗೌತಮಿ, "ಹೋಗ್ಲಿ ನಾ ಹೇಳ್ತೀನಿ" ಎಂದು ಮುಂದೆ ಬಂದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಬಂಡೆಮ್ಮ ಅವಳ ಸೆರಗು ಜಗ್ಗಿದಳು. ಗೌತಮಿ ಬಿಡಿಸಿಕೊಂಡಳು.

ಗೌತಮಿಗೆ ಆ ದಿನದ ಯಾವ ನೆನಪೂ ಇಲ್ಲ. ಅವಳು ಹೇಳಿದ್ದೆಲ್ಲ ಅವ್ವನ ಕಥೆಯೇ, ಅವ್ವನ ಮಾತಿನಲ್ಲಿಯೇ, ಅವ್ವನ ಕೈಯಲ್ಲಿಯೇ. ಅವ್ವ ಮಾತು ನಿಲ್ಲಿಸುವಲ್ಲೇ ನಿಲ್ಲಿಸಿದಳು, ಅವ್ವ ಕಣ್ಣು ಅಗಲಿಸುವಲ್ಲೇ ಅಗಲಿಸಿದಳು. ಬಂಡೆಮ್ಮನಿಗೆ ಮೊದಲ ಸಲ ಮಾಡಲು ಏನೂ ಕೆಲಸವಿರಲಿಲ್ಲ. ಕಥೆ ಹೇಳುವಾಗ ಅವಳು ಯಾವಾಗಲೂ ಕೇಳುವವರ ಮುಖ ನೋಡುತ್ತಿದ್ದಳು, ಯಾರು ನಗುತ್ತಾರೆ, ಯಾರಿಗೆ ಇನ್ನೂ ಹತ್ತಿಲ್ಲ ಎಂದು. ಈಗ ನೋಡಲು ಉಳಿದದ್ದು ವಿಜಯಾಳ ಮುಖ. ತಂಗೀನ ಬ್ಯಾಳಿ ಮಾಡ್ಯಾರ್ರೀ ಎಂದು ಗೌತಮಿ ಎದೆ ಬಡಿದುಕೊಂಡಾಗ ಹೆಂಗಸರೆಲ್ಲ ನಕ್ಕರು, ವಿಜಯಾಳೂ ನಕ್ಕಳು. ಅವಳ ತುಟಿ ಮಾತ್ರ ಅಗಲವಾಯಿತು, ಕೈ ಹೊಸ ಸೀರೆಯ ಸೆರಗಿನ ಒಂದು ಎಳೆಯನ್ನು ಹಿಡಿದು ಎಳೆಯುತ್ತಿತ್ತು, ಎಳೆದು ಬೆರಳಿಗೆ ಸುತ್ತುತ್ತಿತ್ತು. ಈ ನಗುವನ್ನೇ ಅವಳು ಆರು ವರ್ಷದವಳಿದ್ದಾಗಿನಿಂದ ಎಲ್ಲರ ಮುಂದೆ ನಕ್ಕಿದ್ದಾಳೆ. ನಾನು ಒಂದು ಸಲವೂ ತಿರುಗಿ ನೋಡಲಿಲ್ಲವಲ್ಲ ಎಂದುಕೊಂಡಳು ಬಂಡೆಮ್ಮ. ಎದ್ದು ಹೋಗಿ ಗೌತಮಿಯ ಬಾಯಿ ಮುಚ್ಚಬೇಕು ಅನಿಸಿತು. ಕಥೆ ಬೆರಳಿನ ಮಾತಿಗೆ ಬಂದು ಮುಗಿಯಿತು. ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅದು ಅರ್ಧಾ ಐತಿ," ಎಂದಳು ವಿಜಯಶ್ರೀ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಬೆರಳಿನಿಂದ ಎಳೆ ಬಿಚ್ಚಿ, ಉಡಿಯನ್ನು ಸರಿಮಾಡಿಕೊಂಡು, ಅವ್ವನನ್ನು ನೋಡದೆ ಹೇಳಿದಳು. "ನಾ ಸುಮ್ಮಸುಮ್ಮನ ಗೇಟಿಗೆ ಓಡಿಲ್ಲ. ಮೊದಲ ಅವ್ವ ಓಡಿದ್ಲು. ತೊಗರಿ ರಾಶಿ ಇತ್ತಲ್ಲ, ಮನಿ ಎತ್ತರ, ಅದರಾಗ ಹಾರಿದ್ಲು. ಎರಡೂ ಕೈಲೆ ಕೆದರಾಕತ್ಲು, ನಾಯಿ ಕೆದರಿದಂಗ. ಕೆಲಸಾ ನೋಡೋ ಮುಕಾದಮ ಬೈಯಾಕತ್ತಿದ್ರ ಅವನ ಮಾರಿಗೇ ತೊಗರಿ ತೂರಿದ್ಲು. ರಾಶಿ ಆ ಕಡೀಂದ ಒಂದ ಕೂಸು ಸಿಕ್ತು, ಮಲಗಿತ್ತು. ಮೈಯೆಲ್ಲಾ ಹಳದಿ ಧೂಳ, ರೆಪ್ಪಿ ಸೈತ ಹಳದಿ. ಅವ್ವ ಅದನ್ನ ಎತ್ಕೊಂಡ್ಲು ನೋಡ್ರಿ, ಮುದ್ದ ಕೊಟ್ಟದ್ದೇನು, ಅತ್ತದ್ದೇನು! ಅಲ್ಲೇ ಕುಂತು ಹಾಲ ಕುಡಸಾಕ ಹತ್ಲು. ಅದು ಕುಡ್ಯಾಕತ್ತು."

"ಮತ್ತ? ಸಿಕ್ತಲ್ಲ," ಎಂದಳೊಬ್ಬಳು.

"ಅದು ಆಯೇಶಾ ಮೌಶಿ ಮಗ ದಾನಿಶ್."

ಒಂದು ಕ್ಷಣ ಯಾರಿಗೂ ಹತ್ತಲಿಲ್ಲ. ಆಮೇಲೆ ಪಡಸಾಲೆ ಒಡೆದುಹೋಗುವ ಹಾಗೆ ನಗು. ಬೀಗತಿ ತಲೆಯ ಮೇಲೆ ಕೈ ಹೊತ್ತಳು. ವಿಜಯಾ ನಿಲ್ಲಿಸಲಿಲ್ಲ. "ನಾ ಅಂದೆ, ಯವ್ವಾ, ಇದು ನಮ್ಮದಲ್ಲ, ಇದು ದಾನಿಶ್. ಕಪಾಳಕ್ಕ ಒಂದ ಬಿಟ್ಲು. ತಂಗಿ ಗುರ್ತ ಸಿಗವಲ್ದೇನ ನಿನಗ, ಇದೇ ಗೌತಮಿ, ಅಂದ್ಲು. ನಾ ಏನ ತಿಳಕೋಬೇಕ್ರೀ? ಅವ್ವನ ತೊಡಿ ಮ್ಯಾಲೆ ಇದ್ದದ್ದು ಗೌತಮಿ ಅಲ್ಲ. ಅವ್ವ ಇದೇ ಗೌತಮಿ ಅಂತಾಳ. ಅಂದ ಮ್ಯಾಲೆ ನಮ್ಮ ಗೌತಮೀನ ಯಾರೂ ಹುಡಕಂಗಿಲ್ಲ ಇನ್ನ. ಆಕಿ ಯಂತ್ರದಾಗ ಹೋದ್ಲು, ಬ್ಯಾಳಿ ಆದ್ಲು. ಅದಕ್ಕ ಓಡಿದೆ. ಯಾರಿಗಾರ ಹೇಳಬೇಕಿತ್ತಲ್ಲ?"

ಸುಳ್ಳು ಎಂದು ಬಂಡೆಮ್ಮ ಹೇಳಬೇಕೆಂದಿದ್ದಳು. ಗುರುತಿಲ್ಲದ ಹೆಂಗಸರು ತನ್ನನ್ನು ನೋಡಿ ನಗುತ್ತಿದ್ದರು, ಒಬ್ಬಳು ಪಕ್ಕದವಳಿಗೆ ನಾಯಿ ಕೆದರುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದಳು. ತುಟಿ ಅಗಲ ಮಾಡಿ ತಾನೂ ನಕ್ಕಳು, ನಗುತ್ತ ನಗುತ್ತ ತನ್ನ ಕೈ ಸೆರಗಿನ ಎಳೆ ಹುಡುಕುತ್ತಿದೆ ಎಂದು ಕಂಡಳು. ಇಂಥದ್ದು ನಡೆದೇ ಇಲ್ಲ ಎನ್ನಬೇಕು ಎಂದು ಅಂಗೈ ಎತ್ತಿದಳು, ಆ ಅಂಗೈಗೆ ನೆನಪಾಯಿತು. ಬೋಳು ತಲೆ. ದಾನಿಶ್‌ಗೆ ಆಗಷ್ಟೇ ತಲೆ ಬೋಳಿಸಿದ್ದರು. ಗೌತಮಿಗೆ ಗುಂಗುರು ಕೂದಲು. ಧೂಳಿನಲ್ಲಿ ಕಣ್ಣಿಗೆ ತಿಳಿಯದಿದ್ದರೂ ಕೈಗೆ ತಿಳಿದಿತ್ತು. ಆದರೆ ಆ ಹೊತ್ತಿಗೆ ಒಂದು ಕೂಸು ಬೇಕಾಗಿತ್ತು, ಬಿಸಿ ಇರುವ, ಉಸಿರಾಡುವ ಒಂದು ಕೂಸು. ಅದು ಗೌತಮಿಯೇ ಆಗಿರಬೇಕು ಎಂದು ಅವಳ ಮೈಯೆಲ್ಲ ಬೇಡುತ್ತಿತ್ತು, ಆರು ವರ್ಷದ ಹುಡುಗಿಯೊಂದು ಮುಂದೆ ನಿಂತು ಅಲ್ಲ ಅನ್ನುತ್ತಿತ್ತು. ಆಮೇಲೆ ಆಯೇಶಾ ಬಂದು, "ಅರೇ ಬಂಡೆಮ್ಮಾ, ಯೇ ತೋ ಮೇರಾ ಪೊಟ್ಟಾ, ನನ್ನ ಮಗ ಇಂವಾ!" ಎಂದು ಕಿತ್ತುಕೊಂಡಿದ್ದಳು. ಇಷ್ಟೆಲ್ಲ ಎಲ್ಲಿ ಹೋಗಿತ್ತು? ಮೊದಲ ದಿನ ಹೆಂಗಸರಿಗೆ ಹೇಳುವಾಗಲೇ ಬಿಟ್ಟಿದ್ದಳೇನೋ. ಎರಡನೆಯ ದಿನಕ್ಕೆ ಅದು ಇರಲೇ ಇಲ್ಲ.

"ಹೌದು," ಎಂದಳು ಬಂಡೆಮ್ಮ. ಅವಳ ದನಿ ಎಂದಿನ ಹಾಗೆ ದೊಡ್ಡದಾಗಿಯೇ ಬಂತು. "ಖರೆ ಐತಿ. ಅಂವಾ ಹಲ್ಲಿಲೆ ಕಡದಿದ್ದ."

ಈಗ ವಿಜಯಾ ನಕ್ಕಳು. ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಹೊಟ್ಟೆ ಹಿಡಿದುಕೊಂಡು, ಬಗ್ಗಿ, ಉಡಿಯ ಉತ್ತತ್ತಿಗಳೆಲ್ಲ ನೆಲಕ್ಕೆ ಚೆಲ್ಲುವ ಹಾಗೆ ನಕ್ಕಳು. ಬೀಗತಿ, ಸಾಕು ಸಾಕು, ಕೂಸು ಹೆದರೀತು ಎಂದಳು. ವಿಜಯಾ ಕಣ್ಣು ಒರೆಸಿಕೊಂಡು ತಟ್ಟೆಯಲ್ಲಿ ಹುಡುಕಿ, ಶೇಂಗಾದ್ದನ್ನು ಸರಿಸಿ, ಕೆಳಗಿದ್ದ ಹರಿದ ಬೇಳೆ ಹೋಳಿಗೆಯನ್ನೇ ಎತ್ತಿಕೊಂಡು ಬಾಯಿಗಿಟ್ಟಳು. ಅಗಿದು ನುಂಗಿ, "ಬೆರಳ ಏನೂ ಸಿಗಲಿಲ್ಲ ಇದರಾಗ" ಎಂದಳು.

ಊಟ ಮುಗಿದು, ಹೆಂಗಸರು ಒಬ್ಬೊಬ್ಬರೇ ಎದ್ದರು. ಬಂಡೆಮ್ಮ ಖಾಲಿ ಡಬ್ಬಿಗಳನ್ನು ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಈಗ ತಾಯಿ ಕೇಳಬೇಕು, ಮಗಳನ್ನು ಕಳಿಸಿಕೊಡಿ ಎಂದು. ಬೀಗತಿ ಅದಕ್ಕಾಗಿಯೇ ಬಾಗಿಲಲ್ಲಿ ನಿಂತಿದ್ದಳು. ಮಗಳು ಅನಬೇಡ ಅಂದಿದ್ದಾಳೆ, ಅನ್ನುವುದಿಲ್ಲ. "ನಾವಿನ್ನ ಬರ್ತೀವ್ರೀ ಅಕ್ಕಾ," ಎಂದು ಚಪ್ಪಲಿ ಹುಡುಕಿದಳು. ಹಿಂದೆ ಕೋಣೆಯ ಬಾಗಿಲ ಸದ್ದಾಯಿತು. ವಿಜಯಾ ಒಂದು ಚೀಲ ಎಳೆದುಕೊಂಡು ಬಂದಿದ್ದಳು. ಆ ಚೀಲವನ್ನು ಮೊದಲೇ ಕಟ್ಟಿಟ್ಟಿದ್ದಳೋ ಈಗ ಕಟ್ಟಿದಳೋ ಗೊತ್ತಾಗಲಿಲ್ಲ.

"ಬರ್ತೀನಿ," ಎಂದಳು ಅವ್ವನಿಗೆ. "ಖರೆ ಒಂದ ಮಾತ. ದವಾಖಾನ್ಯಾಗ ಕೂಸುಗೋಳು ಭಾಳ ಇರ್ತಾವ. ನೋಡಿ ಎತ್ಕೊ. ನಾ ಇದು ನಮ್ಮದಲ್ಲ ಅಂದ್ರ, ನನ್ನ ಮಾತ ಕೇಳಬೇಕ."

ಬಂಡೆಮ್ಮ ಹೂಂ ಎನ್ನುವಂತೆ ತಲೆ ಆಡಿಸಿದಳು. ಕೇಳ್ತೀನಿ ಎಂದು ಬಾಯಿಬಿಟ್ಟು ಹೇಳಿದರೆ ಅಳು ಬರುತ್ತಿತ್ತು.

ಸುಧಾಕರ ಕಾರು ತರಿಸುತ್ತೇನೆ ಎಂದ. ವಿಜಯಾ, ಬಸ್ಸಿನ ಮುಂದಿನ ಸೀಟಾದರೆ ಸಾಕು, ಕಾರಿನಲ್ಲಿ ವಾಕರಿಕೆ ಬರುತ್ತದೆ ಎಂದಳು. ಗೌತಮಿ ಹಿಂದೆ ಕೂತಳು. ಕಿಟಕಿಗೆ ವಿಜಯಾ, ನಡುವೆ ಬಂಡೆಮ್ಮ, ಈ ಕಡೆ ಮಡಿಲಲ್ಲಿ ಕೆಂಪು ಬಾಳೆಯ ಚಿಪ್ಪು ಇಟ್ಟುಕೊಂಡ ಒಬ್ಬ ಹೆಂಗಸು. ಮಹಾಗಾಂವ ದಾಟುವ ಮೊದಲೇ ಆ ಹೆಂಗಸು ಹಸಿರು ಬಳೆ, ಹೊಟ್ಟೆ ಎಲ್ಲ ನೋಡಿ ಮುಗಿಸಿದ್ದಳು. "ಚೊಚ್ಚಲೇನ್ರೀ? ಮುಖದಾಗ ಕಳಾ ಐತಿ. ಸಣ್ಣಾಕಿದ್ದಾಗ ಭಾಳ ಶಾಣ್ಯಾ ಇರಬೇಕ ನಿಮ್ಮ ಮಗಳು?" ಬಂಡೆಮ್ಮನ ಬಾಯಿ ತುಂಬ ಮಾತು ತುಂಬಿಕೊಂಡಿತು. ಜಯಂತಿಯ ಮೈಕು, ನೀಲಿ ರಿಬ್ಬನ್ನು, ಜನ ಕೈ ಎತ್ತಿ ಕೂಗಿದ್ದು, ಎಲ್ಲವೂ ಸಾಲು ಹಚ್ಚಿ ನಿಂತವು. ಇಂಥ ಬಾಯಿಬಡಕ ಹೆಂಗಸಿಗೆ ಹೇಳಿದರೆ ಎಷ್ಟು ಚೆನ್ನಾಗಿ ನಕ್ಕಾಳು! ಕೈ ಮೇಲೆದ್ದಿತು. ಬಂಡೆಮ್ಮ ಆ ಕೈಯನ್ನು ಮಗಳ ಕಡೆ ತೋರಿಸಿದಳು.

"ಆಕೀನ ಕೇಳ್ರಿ," ಎಂದಳು.

ವಿಜಯಾ ಕಿಟಕಿಯಿಂದ ತಿರುಗಿದಳು. ಅವ್ವನ ಮುಖ ನೋಡಿದಳು. ಆಮೇಲೆ ಬಂಡೆಮ್ಮನನ್ನು ದಾಟಿ ಆ ಹೆಂಗಸಿನ ಕಡೆಗೆ ಬಗ್ಗಿ, ಬಸ್ಸಿನ ಸದ್ದನ್ನು ಮೀರಿ ಕೇಳಲೆಂದು ದನಿ ಎತ್ತಿ, ಅವ್ವನ ಹಾಗೆಯೇ ಕೈ ಎತ್ತಿ ಶುರುಮಾಡಿದಳು. "ನಾ ಶಾಣ್ಯಾಕಿನೇ ಇದ್ದೆ ಬಿಡ್ರಿ. ನಮ್ಮವ್ವ ಒಂದ ದಿನ ಏನ ಮಾಡಿದ್ಲು ಗೊತ್ತೇನು?" ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದರು. ಬಂಡೆಮ್ಮ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಯಾರು ನಗುತ್ತಾರೆ ಎಂದು ತಿರುಗಿ ನೋಡದೆ, ಹೇಳುತ್ತಿದ್ದ ಮಗಳ ಮುಖವನ್ನೇ ನೋಡುತ್ತ ಕೂತಳು.